ಕಂಡದ್ದಾ, ಅನ್ನಿಸಿದ್ದಾ?

ಮಗಳು ಮಂಗಳೂರಿನಲ್ಲಿ ಈಜು ಕಲಿಯುತ್ತಿದ್ದ ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಕಾಯುವುದು. ಶನಿವಾರ, ಭಾನುವಾರ ಕಾಸರಗೋಡಿನ ನಮ್ಮ ಪೈವಳಿಕೆಯಿಂದ ಉಪ್ಪಳಕ್ಕೆ ಒಂದು ಬಸ್ಸು, ಅಲ್ಲಿಂದ ತಲಪಾಡಿಯ ಗಡಿ ದಾಟಿ ಇನ್ನೊಂದು. ಅವಳು ನೀರಿನಲ್ಲಿ, ನಾನು ಬೆಂಚಿನಲ್ಲಿ. ಮಡಿಲಲ್ಲಿ ಏಳನೇ ಕ್ಲಾಸಿನ ಗಣಿತದ ಉತ್ತರಪತ್ರಿಕೆಗಳು. ಎಷ್ಟೋ ಪತ್ರಿಕೆಗಳು ಕ್ಲೋರಿನ್ ವಾಸನೆ ಹಿಡಿದುಕೊಂಡೇ ಮಕ್ಕಳ ಕೈಗೆ ವಾಪಸ್ ಹೋಗಿವೆ.

ಒಂದು ದಿನ ಕೋಚ್ ಬಂದು, "ಟೀಚರೇ, ಸುಮ್ನೆ ಕೂತಿದ್ದೀರಲ್ಲ, ಈ ವಾಚ್ ಒಂದು ಹಿಡೀರಿ. ಇವತ್ತು ಟ್ರಯಲ್ ಉಂಟು, ಜನ ಇಲ್ಲ" ಎಂದರು.

ನನಗೆ ಗೊತ್ತಿದ್ದ ಈಜು ನಮ್ಮ ತೋಟದ ಕೆರೆಯದು. ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಸ್ವಲ್ಪ ಎಬ್ಬಿಸಿ, ಅದರಿಂದಲೇ ಒಂದಕ್ಕೊಂದು ಗಂಟು ಹಾಕಿ, ಹೊಟ್ಟೆಯಡಿಗೆ ಕೊಟ್ಟು ಅಪ್ಪ ನೀರಿಗೆ ಬಿಟ್ಟಿದ್ದರು. ಒಂದು ವಾರ ಕಾಯಿಯ ಮೇಲೆ ತೇಲಿದೆ. ಎಂಟನೇ ದಿನ ಅಪ್ಪ ಕಾಯಿ ಎಳೆದುಕೊಂಡರು. ಅಲ್ಲಿಗೆ ಕೋರ್ಸ್ ಮುಗಿಯಿತು. ಫ್ರೀಸ್ಟೈಲು, ಬಟರ್‌ಫ್ಲೈ ಎಲ್ಲ ನಾನು ಕೇಳಿದ್ದು ಮಗಳ ಬಾಯಲ್ಲಿ.

ಆದರೂ ವಾಚ್ ಹಿಡಿದೆ. ಒತ್ತುವುದರಲ್ಲಿ ಏನಿದೆ ಅಂತ. ಐವತ್ತು ಮೀಟರಿನ ಕೊಳ, ಐವತ್ತು ಮೀಟರಿನ ಓಟ. ಹೊರಡುವುದು ಆಚೆ ತುದಿಯಲ್ಲಿ, ಮುಗಿಯುವುದು ನನ್ನ ಕಾಲ ಬುಡದಲ್ಲಿ. ಒಂದೇ ಲೇನಿಗೆ ಮೂವರು ವಾಚ್ ಹಿಡಿದಿದ್ದೆವು. ಉಳಿದ ಇಬ್ಬರ ವಾಚುಗಳಿಗೆ ಸೆಕೆಂಡಿನ ನೂರನೇ ಭಾಗದಲ್ಲಿ ಮೂರೋ ನಾಲ್ಕೋ ವ್ಯತ್ಯಾಸ. ನನ್ನದು ಅವರಿಗಿಂತ ಅರ್ಧ ಸೆಕೆಂಡು ಜಾಸ್ತಿ ತೋರಿಸುತ್ತಿತ್ತು. ಹುಡುಗನ ತಲೆ ಬಂದ ಮೇಲೆ ಒತ್ತಿದ್ದೆ. ಕೈ ಅದಕ್ಕೆ ಮೊದಲೇ ಗೋಡೆ ಮುಟ್ಟಿಯಾಗಿತ್ತು. ಗಣಿತದ ಟೀಚರಿಗೆ ಅರ್ಧ ಸೆಕೆಂಡು ದೊಡ್ಡ ಅವಮಾನ. ಮುಂದಿನ ವಾರ ನಾನೇ ಕೇಳಿ ವಾಚ್ ತೆಗೆದುಕೊಂಡೆ.

ನಾಲ್ಕೈದು ತಿಂಗಳಲ್ಲಿ ಕೈ ಪಳಗಿತು. ಆಗ ಕೋಚೇ ಹೇಳಿದ್ದು: "ನೀವು ಕೇರಳದವರಲ್ವಾ? ಆ ಕಡೆ ಮೀಟ್‌ಗಳಿಗೆ ಅಫಿಶಿಯಲ್‌ಗಳು ಬೇಕಂತೆ. ಕಣ್ಣೂರಿನಲ್ಲಿ ಶಿಬಿರ ಉಂಟು, ಹೋಗಿ." 1956ರಲ್ಲಿ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಲ್ಲಿಂದ ನಮ್ಮ ಕಥೆ ಹೀಗೇ. ಆಸ್ಪತ್ರೆ, ಕಾಲೇಜು, ಮದುವೆಯ ಸೀರೆ ಎಲ್ಲದಕ್ಕೂ ಮಂಗಳೂರು. ರೇಷನ್ ಕಾರ್ಡು, ಸಂಬಳ, ಶಾಲಾ ಕ್ರೀಡಾಕೂಟಕ್ಕೆ ಕೇರಳ. ಮಗಳು ಕೈಕಾಲು ಬಡಿಯಲು ಕಲಿತದ್ದು ಗಡಿಯ ಆಚೆ, ಸ್ಪರ್ಧೆಗೆ ಇಳಿಯಬೇಕಾದ್ದು ಈಚೆ.

ಶಿಬಿರದಲ್ಲಿ ಮೂವತ್ತು ಜನ ಇದ್ದಿರಬಹುದು. ಹೆಚ್ಚಿನವರು ದೈಹಿಕ ಶಿಕ್ಷಕರು ಮತ್ತು ಹಳೆಯ ಈಜುಗಾರರು. ನನ್ನಂಥ ಬೆಂಚಿನ ಅಮ್ಮಂದಿರು ಇಬ್ಬರು. ಪಾಠ ಮಲಯಾಳದಲ್ಲಿ, ನಿಯಮದ ಪುಸ್ತಕ ಇಂಗ್ಲಿಷಿನಲ್ಲಿ. ಮಲಯಾಳ ಕೇಳಿದರೆ ನನಗೆ ಅರ್ಥವಾಗುತ್ತದೆ, ಮಾತಾಡಿದರೆ ಎದುರಿನವರು ನಗುತ್ತಾರೆ, ಓದಲು ಕೂತರೆ ಒಂದನೇ ಕ್ಲಾಸಿನ ಮಗುವಿನ ಹಾಗೆ ಅಕ್ಷರ ಕೂಡಿಸಬೇಕು. ಹೇಳಿಕೊಟ್ಟವರು ವಯಸ್ಸಾದ ಒಬ್ಬ ಮಾಷ್, ಅಂದರೆ ಮೇಷ್ಟ್ರು. ನಾನು ಕುಂಬಳೆಯ ಆಚೆಯವಳೆಂದು ಗೊತ್ತಾದ ಕೂಡಲೇ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾನ ಬಗ್ಗೆ ಕೇಳಿದರು. ಆ ಮೊಸಳೆ 2022ರ ಅಕ್ಟೋಬರಿನಲ್ಲೇ ಹೋಯಿತು ಎಂದೆ. "ಮೊಸಳೆ ಇದ್ದ ಊರಿನವರು, ನಿಮಗೆ ನೀರಿನ ಹೆದರಿಕೆ ಇರಲಿಕ್ಕಿಲ್ಲ" ಎಂದು ನಕ್ಕರು. ಹೆದರಿಕೆ ಇದ್ದದ್ದು ಪರೀಕ್ಷೆಯದು.

ಮಾಷ್ ಆ ದಿನ ಹತ್ತು ಸಲ ಒಂದೇ ಮಾತು ಹೇಳಿದರು. "ಕಂಡದೋ, ತೋನ್ನಿಯದೋ?" ಕಂಡದ್ದಾ, ಅನ್ನಿಸಿದ್ದಾ? ಅರ್ಧ ಕನ್ನಡವೇ ಆದ್ದರಿಂದ ನನ್ನ ತಲೆಯಲ್ಲಿ ಗಟ್ಟಿ ಕೂತಿತು. ಅಫಿಶಿಯಲ್‌ಗೆ ಕಂಡಿದ್ದರೆ ಮಾತ್ರ ತಪ್ಪು. ಸಂಶಯ ಬಂದರೆ ಅದರ ಲಾಭ ಈಜುವವರಿಗೆ.

ಕಣ್ಣನ್ನು ಎಷ್ಟು ನಂಬಬಹುದು ಎನ್ನುವುದಕ್ಕೆ ಅವರು ಹೇಳಿದ ಕಥೆ 1960ರ ರೋಮ್ ಒಲಿಂಪಿಕ್ಸಿನದು. ಗಂಡಸರ 100 ಮೀಟರ್ ಫ್ರೀಸ್ಟೈಲ್. ಆಸ್ಟ್ರೇಲಿಯಾದ ಜಾನ್ ಡೆವಿಟ್, ಅಮೆರಿಕದ ಲ್ಯಾನ್ಸ್ ಲಾರ್ಸನ್ ಹೆಚ್ಚುಕಡಿಮೆ ಒಟ್ಟಿಗೆ ಮುಟ್ಟಿದರು. ಡೆವಿಟ್‌ನ ಲೇನಿನ ಮೂರು ವಾಚುಗಳೂ 55.2 ತೋರಿಸಿದವು. ಲಾರ್ಸನ್‌ನ ಮೂರು ವಾಚುಗಳಲ್ಲಿ 55.0, 55.1, 55.1. ಹಾಗಾದರೆ ಗೆದ್ದದ್ದು ಲಾರ್ಸನ್, ಅಲ್ವಾ? ಚಿನ್ನ ಸಿಕ್ಕಿದ್ದು ಡೆವಿಟ್‌ಗೆ. ಯಾರು ಮೊದಲು ಎಂದು ಬರೀ ಕಣ್ಣಿನಲ್ಲಿ ನೋಡಲು ನಿಂತಿದ್ದ ತೀರ್ಪುಗಾರರು ಎರಡು ಪಾಲಾದರು, ಮುಖ್ಯಸ್ಥರು ಡೆವಿಟ್ ಎಂದರು. ಅಲ್ಲಿಂದ ಮೇಲೆ ಯಂತ್ರದ ಸಮಯ ಬೇಕು ಎನ್ನುವ ಕೂಗು ಜೋರಾಯಿತು. ನಮ್ಮ ಜಿಲ್ಲೆಯ ಮೀಟ್‌ಗೆ ಆ ಯಂತ್ರ ಇನ್ನೂ ನಾನು ಕಾಣೆ. ನಮ್ಮದು ಇವತ್ತಿಗೂ ಹೆಬ್ಬೆರಳು, ತೋರುಬೆರಳು.

ತೋರುಬೆರಳು ಎಂದದ್ದು ಬೇಕೆಂದೇ. ಮಾಷ್ ನಮಗೆ ಹೆಬ್ಬೆರಳು ಬಿಡಿಸಿದರು. ತೋರುಬೆರಳನ್ನು ಗುಂಡಿಯ ಮೇಲಿಟ್ಟು, ಅದರ ಸಡಿಲವನ್ನು ಮೊದಲೇ ಒತ್ತಿ ಹಿಡಿದುಕೊಳ್ಳಬೇಕು. ಸ್ಟಾರ್ಟರ್ ಬಳಿ ಮಿನುಗುವ ದೀಪ ಇದ್ದರೆ ಸದ್ದಿಗೆ ಕಾಯಬಾರದು, ದೀಪ ನೋಡಿ ಒತ್ತಬೇಕು. ಸದ್ದು ಐವತ್ತು ಮೀಟರ್ ದಾಟಿ ಬರಲು ಸುಮಾರು 0.15 ಸೆಕೆಂಡು ಬೇಕು. ನನ್ನ ಹಳೆಯ ಅರ್ಧ ಸೆಕೆಂಡಿನಲ್ಲಿ ಇದೂ ಸೇರಿತ್ತೋ ಅಂತ ಲೆಕ್ಕ ಹಾಕಿದೆ. ಇಲ್ಲ, ಸದ್ದು ತಡವಾಗಿ ಕೇಳಿದರೆ ವಾಚ್ ತಡವಾಗಿ ಶುರುವಾಗಿ ಸಮಯ ಕಮ್ಮಿ ಬರುತ್ತದೆ. ಅಂದರೆ ಉಳಿದ ಇಬ್ಬರು ದೀಪ ನೋಡಿ ಒತ್ತಿದ್ದರೆ, ಮುಟ್ಟುವಾಗ ನಾನು ಅರ್ಧ ಸೆಕೆಂಡಿಗಿಂತಲೂ ಹೆಚ್ಚು ತಡ ಮಾಡಿದ್ದೆ! ಇಂಥದ್ದು ಲೆಕ್ಕ ಹಾಕದೆ ನನಗೆ ನಿದ್ದೆ ಬರುವುದಿಲ್ಲ.

ಎರಡನೇ ಕಥೆ 2004ರ ಅಥೆನ್ಸಿನದು. ಅದು ನನಗೇ ಹೇಳಿದ ಹಾಗಿತ್ತು. ಗಂಡಸರ 200 ಮೀಟರ್ ಬ್ಯಾಕ್‌ಸ್ಟ್ರೋಕಿನಲ್ಲಿ ಅಮೆರಿಕದ ಆರನ್ ಪಿಯರ್ಸಾಲ್ ಮೊದಲು ಬಂದ. ಬೋರ್ಡಿನಲ್ಲಿ ಅವನ ಹೆಸರಿನ ಮುಂದೆ ಡಿಸ್‌ಕ್ವಾಲಿಫೈ ಎಂದು ಬಂತು, ಟರ್ನಿನಲ್ಲಿ, ಅಂದರೆ ಗೋಡೆ ಮುಟ್ಟಿ ತಿರುಗುವಲ್ಲಿ, ತಪ್ಪು ಮಾಡಿದ ಅಂತ. ಸ್ವಲ್ಪ ಹೊತ್ತಿನಲ್ಲಿ ಆ ತೀರ್ಪು ಬಿದ್ದುಹೋಗಿ ಚಿನ್ನ ಅವನಿಗೇ ಸಿಕ್ಕಿತು. ತಪ್ಪು ಮಾಡಿದನೋ ಇಲ್ಲವೋ ಎನ್ನುವಲ್ಲಿಗೆ ವಿಷಯ ಹೋಗಲೇ ಇಲ್ಲ. ಜಡ್ಜ್ ಬರೆದ ಚೀಟಿಯಲ್ಲಿ ವಿವರ ಸಾಲದು, ಅದು ಬರೆಯಬೇಕಾದ ಭಾಷೆಯಲ್ಲೂ ಇರಲಿಲ್ಲ. ಒಲಿಂಪಿಕ್ ಚಿನ್ನ ಒಂದು ಚೀಟಿಯ ಭಾಷೆಯ ಮೇಲೆ ನಿಂತಿತ್ತು! ಗಡಿಯಲ್ಲಿ ಬದುಕುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ವಿಲೇಜ್ ಆಫೀಸಿನಲ್ಲಿ ದಿನಾ ನೋಡುವುದೇ ಇದು.

ಪರೀಕ್ಷೆ ಕಷ್ಟ ಇರಲಿಲ್ಲ. ಮೂರು ವಾಚಿನಲ್ಲಿ ಎರಡು ಒಂದೇ ತೋರಿಸಿದರೆ ಅದೇ ಸಮಯ. ಮೂರೂ ಬೇರೆಯಾದರೆ ನಡುವಿನದು. ಒಂದು ವಾಚ್ ಕೈಕೊಟ್ಟು ಎರಡೇ ಉಳಿದರೆ ಸರಾಸರಿ. ಇದೆಲ್ಲ ನನ್ನ ಅಂಗಳ. ತಡವರಿಸಿದ್ದು ಸ್ಟ್ರೋಕುಗಳಲ್ಲಿ. ಬಟರ್‌ಫ್ಲೈಯಲ್ಲಿ, ಬ್ರೆಸ್ಟ್‌ಸ್ಟ್ರೋಕಿನಲ್ಲಿ ಪ್ರತೀ ಟರ್ನಿಗೂ ಕೊನೆಗೂ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ಒಂದು ಕೈ ಮೇಲೆ, ಒಂದು ಕೆಳಗೆ ಇದ್ದರೆ ಅಡ್ಡಿಯಿಲ್ಲ. ಫ್ರೀಸ್ಟೈಲಿನಲ್ಲಿ ದೇಹದ ಯಾವ ಭಾಗ ತಾಗಿದರೂ ಸಾಕು. ಬ್ರೆಸ್ಟ್‌ಸ್ಟ್ರೋಕ್ ಬಿಟ್ಟು ಉಳಿದ ಮೂರರಲ್ಲಿ ಹಾರಿದ ಮೇಲೆ, ತಿರುಗಿದ ಮೇಲೆ 15 ಮೀಟರಿನೊಳಗೆ ತಲೆ ನೀರಿನಿಂದ ಹೊರಗೆ ಬರಬೇಕು. ಬ್ರೆಸ್ಟ್‌ಸ್ಟ್ರೋಕಿನಲ್ಲಿ ತಿರುಗಿದ ಮೇಲೆ ನೀರಿನಡಿಯಲ್ಲಿ ಒಂದೇ ಒಂದು ಡಾಲ್ಫಿನ್ ಒದೆತಕ್ಕೆ (ಎರಡೂ ಕಾಲು ಜೋಡಿಸಿ ಬಡಿಯುವುದು) ಅನುಮತಿ. 2005ಕ್ಕೆ ಮೊದಲು ಅದೂ ಇರಲಿಲ್ಲವಂತೆ. ಪುಸ್ತಕದಲ್ಲಿ ಓದಿದಾಗ ಸುಲಭ. ನೀರು ಚಿಮ್ಮುವಾಗ ಅಷ್ಟೂ ಒಂದು ಕ್ಷಣದಲ್ಲಿ ಆಗಿ ಹೋಗುತ್ತದೆ.

ಪಾಸಾದೆ. ಮೊದಲ ಮೀಟ್‌ನಲ್ಲಿ ಟೈಮ್‌ಕೀಪರ್. ಎಲ್ಲರೂ ಅಲ್ಲಿಂದಲೇ ಹತ್ತಬೇಕು. ಬಿಳಿ ಚೂಡಿದಾರ್, ಬಿಳಿ ಶೂ, ಸಂಘಟಕರು ಕೊಟ್ಟ ಟೋಪಿ. ಜಿಲ್ಲೆಯ ತೆಂಕು ಭಾಗದಲ್ಲಿ ಆರು ಲೇನುಗಳ, 25 ಮೀಟರಿನ ಕೊಳ. ನನಗೆ ಲೇನ್ 3.

ರೆಫರಿಯ ಸೀಟಿ ನನಗೆ ತುಂಬ ಇಷ್ಟವಾಯಿತು. ಚಿಕ್ಕ ಚಿಕ್ಕ ಸೀಟಿಗಳು ಕೇಳಿದರೆ ಟವೆಲು ಬಿಚ್ಚಿ ರೆಡಿಯಾಗು. ಉದ್ದ ಒಂದು ಸೀಟಿ ಬಂದರೆ ಕಟ್ಟೆ ಹತ್ತು, ಬ್ಯಾಕ್‌ಸ್ಟ್ರೋಕ್ ಆದರೆ ನೀರಿಗೆ ಇಳಿ. ಆಮೇಲೆ ರೆಫರಿ ಕೈ ಚಾಚಿ ಮಕ್ಕಳನ್ನು ಸ್ಟಾರ್ಟರ್‌ಗೆ ಒಪ್ಪಿಸುತ್ತಾರೆ. "ಟೇಕ್ ಯುವರ್ ಮಾರ್ಕ್ಸ್." ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮನೆಗಳಿಂದ ಬಂದ ಮಕ್ಕಳು ಅಷ್ಟೂ ಜನ ಒಂದೇ ಸಲ ಬಗ್ಗುತ್ತಾರೆ. ಸೀಟಿಗೆ ಅನುವಾದ ಬೇಡ.

ಎರಡನೇ ಹೀಟ್‌ನಲ್ಲೇ, ಅಂದರೆ ಎರಡನೇ ಪಂಗಡದ ಓಟದಲ್ಲೇ, ನನ್ನ ವಾಚ್ ಶುರುವಾಗಲಿಲ್ಲ. ಗುಂಡಿ ಒತ್ತಿದ್ದೆ, ಸೊನ್ನೆ ಸೊನ್ನೆಯಾಗಿಯೇ ಇತ್ತು. ಇಂಥ ಹೊತ್ತಿನಲ್ಲಿ ಕೂಡಲೇ ಕೈ ಎತ್ತಬೇಕು. ಮುಖ್ಯ ಟೈಮ್‌ಕೀಪರ್ ಪ್ರತೀ ಓಟಕ್ಕೂ ಹೆಚ್ಚುವರಿ ವಾಚ್ ಶುರು ಮಾಡಿ ಇಟ್ಟುಕೊಂಡಿರುತ್ತಾರೆ, ಓಡುತ್ತಿರುವ ಆ ವಾಚನ್ನು ಕೈಗೆ ಕೊಡುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಹುಡುಗ ಅರ್ಧ ದಾರಿ ಹೋಗುವ ತನಕ ನಾನು ಸೊನ್ನೆಯನ್ನು ನೋಡುತ್ತ ನಿಂತೆ. ಪಕ್ಕದವರು ಮೊಣಕೈಯಲ್ಲಿ ತಿವಿದ ಮೇಲೆ ಕೈ ಎತ್ತಿದ್ದು. ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬರೆಯದೆ ಕೂರುವ ಮಕ್ಕಳಿಗೆ ಎಷ್ಟು ಬೈದಿದ್ದೆ ನಾನು!

ಈ ಕೆಲಸಕ್ಕೆ ಬಂದ ಮೇಲೆ ನನಗೆ ಸ್ಪರ್ಧೆಯೇ ಕಾಣುವುದಿಲ್ಲ. ಎದುರಿಗೆ ಒಂದು ಮಾರು ಗೋಡೆ, ಅದಕ್ಕೆ ಬರುವ ಒಂದು ಕೈ, ಅಷ್ಟೇ. ಪಕ್ಕದ ಲೇನಿನಲ್ಲಿ ದಾಖಲೆಯಾದರೂ ಗೊತ್ತಾಗದು. ಯಾರು ಗೆದ್ದರು ಎಂದು ಸಂಜೆ ಮಗಳೇ ಹೇಳಬೇಕು. ಅವಳ ಲೇನಿಗೆ ನನ್ನನ್ನು ಹಾಕಿದಾಗಲೆಲ್ಲ ಬದಲು ಕೇಳಿ ಪಡೆದಿದ್ದೇನೆ. ಹಾಗಾಗಿ ಅವಳು ಈಜಿದ ಎಷ್ಟೋ ಓಟಗಳನ್ನು ಹತ್ತು ಹೆಜ್ಜೆ ಆಚೆ ನಿಂತೂ ನಾನು ನೋಡಿಲ್ಲ. ಬೆಂಚಿನಲ್ಲಿ ಕೂತಿದ್ದರೆ ಎಲ್ಲ ನೋಡಬಹುದಿತ್ತು.

ದುಡ್ಡಿನ ವಿಷಯ ಕೇಳುವವರಿಗೆ: ಊಟ, ಬಸ್ಸಿನ ಖರ್ಚು, ಕೆಲವು ಕಡೆ ಒಂದು ಸಣ್ಣ ಲಕೋಟೆ. ಬೆಳಗ್ಗೆ ಏಳರಿಂದ ಸಂಜೆವರೆಗೆ ಒದ್ದೆ ನೆಲದಲ್ಲಿ ನಿಲ್ಲಬೇಕು. ಶೂ ಎರಡು ಜೊತೆ ಇರಲಿ. ನೀರು ಕುಡಿಯದೆ ನಿಂತರೆ ತಲೆ ತಿರುಗುತ್ತದೆ, ಕುಡಿದರೆ ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿಟ್ಟಿರಬೇಕು. ಹೆಂಗಸರು ಈ ಕೆಲಸಕ್ಕೆ ಕಮ್ಮಿ ಬರಲು ಇದೂ ಒಂದು ಕಾರಣ ಎಂದು ನನ್ನ ಗುಮಾನಿ.

ಮರುವರ್ಷ ನನ್ನನ್ನು ಟರ್ನ್ ನೋಡಲು ಹಾಕಿದರು. ಈಜುವವರ ಗೋಡೆಗೆ ಮುಂಚಿನ ಕೊನೆಯ ಕೈಬೀಸಿನಿಂದ ಹಿಡಿದು, ತಿರುಗಿ ಹೊರಟ ಮೇಲಿನ ಮೊದಲ ಕೈಬೀಸು ಮುಗಿಯುವ ತನಕ ನಮ್ಮ ಕಣ್ಣಿನ ಪಹರೆ. ಬ್ರೆಸ್ಟ್‌ಸ್ಟ್ರೋಕಿಗೆ ಎರಡನೆಯದರ ತನಕ. ಒಂದು ಲೇನಿಗೆ ಒಬ್ಬರು ಇರಬೇಕಾದ್ದು, ನಮ್ಮಲ್ಲಿ ಜನ ಸಾಲದೆ ಒಬ್ಬರಿಗೆ ಎರಡು ಲೇನು. ಮೊದಲ ದಿನವೇ ಬಟರ್‌ಫ್ಲೈಯಲ್ಲಿ ಒಬ್ಬ ಹುಡುಗನ ಮೇಲೆ ಚೀಟಿ ಬರೆದೆ. ರೆಫರಿ ಹತ್ತಿರ ಕರೆದರು. ಎಲ್ಲಿ ನಿಂತಿದ್ದಿರಿ? ಏನು ಕಂಡಿರಿ? ಯಾವ ನಿಯಮ? ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ಕೊಟ್ಟೆ. ಎರಡನೆಯದಕ್ಕೆ, "ಎಡಗೈ ಮುಟ್ಟಿರಲಿಕ್ಕಿಲ್ಲ" ಎಂದೆ. ಅವರು ಚೀಟಿಯನ್ನು ಮಡಚಿ ನನ್ನ ಕೈಯಲ್ಲಿಟ್ಟರು. ಬೈಯಲಿಲ್ಲ. ಆ ಹುಡುಗನಿಗೆ ಬೆಳ್ಳಿ ಬಂತು. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ.

ಒಂದು ಸಲ 1500 ಮೀಟರಿನಲ್ಲಿ ಲ್ಯಾಪ್ ಎಣಿಸುವ ಕೆಲಸ ಸಿಕ್ಕಿತು. 25 ಮೀಟರಿನ ಕೊಳದಲ್ಲಿ ಅದು ಅರವತ್ತು ಉದ್ದ. ಇನ್ನು ಎಷ್ಟು ಉಳಿಯಿತು ಎಂದು ಆಚೆ ತುದಿಯಲ್ಲಿ ಅಂಕಿಯ ಫಲಕ ತೋರಿಸಬೇಕು. ಹೊರಟ ತುದಿಯಲ್ಲಿ ನಿಂತವರು ಎರಡು ಉದ್ದ ಮತ್ತು ಐದು ಮೀಟರ್ ಉಳಿದಾಗ ಗಂಟೆ ಬಾರಿಸಬೇಕು. ಮನೆಯಲ್ಲಿ ಅತ್ತೆ ತೆಂಗಿನಕಾಯಿ ಎಣಿಸುವಾಗ ಒಂದು ಎನ್ನುವುದಿಲ್ಲ, "ಲಾಭ" ಎಂದು ಶುರು ಮಾಡುತ್ತಾರೆ. ನನಗೂ ಅದೇ ಅಭ್ಯಾಸ. ಲಾಭ, ಎರಡು, ಮೂರು. ಪಕ್ಕದಲ್ಲಿದ್ದ ಮಲಯಾಳಿ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಿಕೊಳ್ಳಲಿ, ಲೆಕ್ಕ ತಪ್ಪಲಿಲ್ಲ.

ಹೇಳಲು ಹೊರಟದ್ದು ಕಳೆದ ವರ್ಷದ ವಿಷಯ. ಹುಡುಗಿಯರ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ನಾನು ಆಚೆ ತುದಿಯಲ್ಲಿ, ಲೇನ್ 5 ಮತ್ತು 6. ಐದರಲ್ಲಿ ಇದ್ದದ್ದು ಬಾಯಾರು ಕಡೆಯ, ಹನ್ನೆರಡು ವರ್ಷದ ಹುಡುಗಿ. ಸಪೂರ ಮೈ, ಈಜು ಮಾತ್ರ ಕೆರೆಯದು. ಅದು ನೋಡಿದರೆ ತಿಳಿಯುತ್ತದೆ, ತಲೆ ಸ್ವಲ್ಪ ಮೇಲೆಯೇ ಇರುತ್ತದೆ, ಕಾಲಿನಲ್ಲಿ ಕಪ್ಪೆಯ ಬಲ. ಜೊತೆಗೆ ಕೋಚ್ ಇಲ್ಲ. ಪಂಚೆ ಉಟ್ಟ ಅಜ್ಜ ಒಬ್ಬರು ಟವೆಲು ಹಿಡಿದು ಕೂತಿದ್ದರು.

25ರ ಟರ್ನಿನಲ್ಲಿ ಎರಡೂ ಕೈ ಸರಿಯಾಗಿ ಬಂದವು. 75ರಲ್ಲಿ ಅವಳು ಪೂರ್ತಿ ಸುಸ್ತು. ಆದರೂ ಮೂರನೆಯವಳಾಗಿ ಬರುತ್ತಿದ್ದಳು. ಎಡಗೈ ಗೋಡೆಗೆ ತಾಗಿತು. ಬಲಗೈ ಬರುವ ಮೊದಲೇ ಭುಜ ತಿರುಗಿತು. ಬಲಗೈ ನೀರಿನಲ್ಲೇ ಸೊಂಟದ ಹತ್ತಿರ ಇತ್ತು. ಆರನೇ ಲೇನಿನವಳು ಇನ್ನೂ ದೂರ ಇದ್ದಳು, ನನ್ನ ಕಣ್ಣು ಬೇರೆಲ್ಲೂ ಇರಲಿಲ್ಲ. ಕಂಡದ್ದಾ, ಅನ್ನಿಸಿದ್ದಾ? ಅನ್ನಿಸಿದ್ದು ಎಂದು ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆ ಹೊತ್ತಿನಲ್ಲೇ ಯೋಚಿಸಿದೆ. ಕಂಡಿತ್ತು.

ಚೀಟಿ ಬರೆದೆ, ಇಂಗ್ಲಿಷಿನಲ್ಲಿ. ಹೀಟ್ 2, ಲೇನ್ 5, 75 ಮೀಟರ್ ಟರ್ನ್, ಎಡಗೈ ಮಾತ್ರ ತಾಗಿತು, ಬಲಗೈ ತಾಗಲಿಲ್ಲ. ಸಹಿ. ರೆಫರಿ ಅದೇ ಮೂರು ಪ್ರಶ್ನೆ ಕೇಳಿದರು. ಈ ಸಲ ಮೂರಕ್ಕೂ ಉತ್ತರ ಇತ್ತು. "ಕಂಡದೋ?" ಎಂದು ನನ್ನ ಮುಖ ನೋಡಿದರು. "ಕಂಡೆ" ಎಂದೆ. ಎರಡೂ ಭಾಷೆಯಲ್ಲಿ ಅದೇ ಶಬ್ದ.

ಮೈಕಿನಲ್ಲಿ ಮಲಯಾಳದಲ್ಲಿ ಹೇಳಿದರು, ಇಂಗ್ಲಿಷಿನಲ್ಲೂ ಹೇಳಿದರು. ಹುಡುಗಿಗೆ ಏನೂ ತಿಳಿಯಲಿಲ್ಲ. ಮೂರನೇ ಜಾಗಕ್ಕೆ ಬೇರೆಯವಳನ್ನು ಕರೆದಾಗ ಅಜ್ಜನ ಮುಖ ನೋಡಿದಳು. ವಿಷಯ ಕೇಳಲು ಬರಬೇಕಾದವರು ಕೋಚ್, ಅವರೇ ಇಲ್ಲ. ರೆಫರಿ ನನ್ನನ್ನು ಕರೆದು, "ಟೀಚರೇ, ನೀವೇ ಹೋಗಿ ನಿಮ್ಮ ಭಾಷೆಯಲ್ಲಿ ಹೇಳಿ" ಎಂದರು.

ಹೋಗಿ ಹೇಳಿದೆ. ಎರಡೂ ಕೈ ಮುಟ್ಟಬೇಕಿತ್ತು ಮಗಾ, ಒಂದೇ ಮುಟ್ಟಿತು ಅಂತ. ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. "ನಮ್ಮ ಕೆರೆಯಲ್ಲಿ ಯಾವ ಕೈಯಾದರೂ ಆಗ್ತದೆ" ಎಂದಳು, ಸಣ್ಣ ಸ್ವರದಲ್ಲಿ. ಹೌದು, ಕೆರೆಯ ಮುರಕಲ್ಲಿಗೆ ಯಾವ ಕೈ ತಾಗಿದರೂ ದಡವೇ.

ಅಜ್ಜ ಬಿಡಲಿಲ್ಲ. "ಅಲ್ಲ ಟೀಚರೇ, ಗೋಡೆ ಮುಟ್ಟಿದ್ದು ಹೌದಲ್ವಾ?"

"ಹೌದು ಅಜ್ಜ."

"ಮತ್ತೆ ಎಂತ?"

ನಿಯಮ ವಿವರಿಸಿದೆ. ಕೇಳಿಸಿಕೊಂಡರು. ಟವೆಲನ್ನು ಹುಡುಗಿಯ ತಲೆಯ ಮೇಲೆ ಹಾಕಿದರು. "ಇಷ್ಟು ಜನ ನಿಂತಿದ್ದರು ಇಲ್ಲಿ" ಎಂದರು, "ನಮ್ಮ ಊರಿನವರಿಗೇ ಕಾಣ್ಬೇಕಿತ್ತಾ ಇದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಹೀಟಿನ ಚಿಕ್ಕ ಸೀಟಿಗಳು ಶುರುವಾದವು, ನನ್ನ ತುದಿಗೆ ಹೋಗಿ ನಿಂತೆ.

ಸಂಜೆ ಉಪ್ಪಳದಲ್ಲಿ ರೈಲಿಳಿದು ಬಾಯಾರಿನ ಬಸ್ಸು ಹತ್ತಿದರೆ ಅಜ್ಜ, ಮೊಮ್ಮಗಳು ಮುಂದಿನ ಸೀಟಿನಲ್ಲಿದ್ದರು. ಅಜ್ಜ ಒಮ್ಮೆ ತಿರುಗಿ ನೋಡಿ ತಲೆ ಆಡಿಸಿದರು, ಮಾತಾಡಲಿಲ್ಲ. ಕೈಕಂಬ ದಾಟಿದ ಮೇಲೆ ರಸ್ತೆ ತಿರುವು ಜಾಸ್ತಿ. ಹುಡುಗಿಯ ಎದುರು ಒಂದು ಕಬ್ಬಿಣದ ಸರಳು ಇತ್ತು. ಅವಳು ಎರಡೂ ಕೈ ಚಾಚಿ ಅದನ್ನು ಮುಟ್ಟುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಮುಟ್ಟುತ್ತಿದ್ದಳು. ಅಭ್ಯಾಸ ಮಾಡುತ್ತಿದ್ದಾಳೆ ಎಂದು ನನಗೆ ಅನ್ನಿಸಿತು. ತಿರುವಿನಲ್ಲಿ ಬೀಳದ ಹಾಗೆ ಹಿಡಿದುಕೊಂಡದ್ದೂ ಇರಬಹುದು. ಹಿಂದಿನ ಸೀಟಿನಿಂದ ಮುಖ ಕಾಣುತ್ತಿರಲಿಲ್ಲ. ಪೈವಳಿಕೆ ಬಂತು, ಇಳಿದೆ.